ಸಣ್ಣ ಕಂಪೆನಿಯ ದೊಡ್ಡ ಲಾಭ: ಒಂದು ನಂಬಿಕೆಯ ಚರಿತ್ರೆ

ಆನೆ ಇದ್ದರೂ ಲಕ್ಷ, ಸತ್ತರೂ ಲಕ್ಷ ಎಂಬುದು ನಮ್ಮ ಗಾದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬುದೂ ನಮ್ಮದೇ. ಉಳಿತಾಯದ ಹಣವನ್ನು ಷೇರುಗಳಲ್ಲಿ ತೊಡಗಿಸಹೊರಟವನ ಮನಸ್ಸು ಈ ಎರಡು ಗಾದೆಗಳ ನಡುವೆ ತೂಗಾಡುತ್ತದೆ. ಹೆಸರಾಂತ ದೊಡ್ಡ ಕಂಪೆನಿಯ ಷೇರು ಲೇಸೋ, ಯಾರೂ ಅರಿಯದ ಸಣ್ಣ ಕಂಪೆನಿಯದು ಲೇಸೋ? ಈ ಪ್ರಶ್ನೆಗೆ ಅಮೆರಿಕದಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಇಂದು ನೋಡೋಣ.

1970ರ ದಶಕದ ಆದಿಯಲ್ಲಿ ಅಲ್ಲಿ ಆನೆಯ ಗಾದೆಗೇ ಮನ್ನಣೆ. ಪೋಲರಾಯ್ಡ್, ಜೆರಾಕ್ಸ್, ಕೊಡಕ್, ಕೊಕಾ ಕೋಲಾ ಮೊದಲಾದ ಸುಮಾರು ಐವತ್ತು ಕಂಪೆನಿಗಳಿಗೆ ‘ನಿಫ್ಟಿ ಫಿಫ್ಟಿ’ ಎಂಬ ಬಿರುದಿತ್ತು. ಅವುಗಳ ಷೇರನ್ನು ಎಷ್ಟು ಬೆಲೆಗೆ ಕೊಂಡರೂ ನಷ್ಟವಿಲ್ಲ, ಮಾರುವ ಪ್ರಮೇಯವೇ ಇಲ್ಲ ಎಂದು ಜನ ನಂಬಿದ್ದರು. 1972ರಲ್ಲಿ ಪೋಲರಾಯ್ಡ್ ಷೇರಿನ ಬೆಲೆ ಅದರ ವಾರ್ಷಿಕ ಗಳಿಕೆಯ 90 ಪಟ್ಟನ್ನು ಮೀರಿತ್ತು. 1973–74ರ ಕುಸಿತದಲ್ಲಿ ಆ ಬೆಲೆಯ ಹತ್ತರಲ್ಲಿ ಒಂಬತ್ತು ಪಾಲು ಕರಗಿಹೋಯಿತು. ಕೊಕಾ ಕೋಲಾದಂಥವು ಚೇತರಿಸಿಕೊಂಡು ಬೆಳೆದದ್ದೂ ಉಂಟು. ಆದರೆ 2001ರಲ್ಲಿ ಪೋಲರಾಯ್ಡ್, 2012ರಲ್ಲಿ ಕೊಡಕ್ ದಿವಾಳಿಯಾಗಿ ನ್ಯಾಯಾಲಯದ ಆಶ್ರಯ ಬೇಡಿದವು. ಬಿದ್ದ ಆನೆಗೆ ಲಕ್ಷ ದೊರೆಯಲಿಲ್ಲ.

ಎರಡನೆಯ ಗಾದೆಯ ಕಾಲ ಬಂದದ್ದು ಆಮೇಲೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರವೊಂದು ನ್ಯೂಯಾರ್ಕ್ ಷೇರುಕಟ್ಟೆಯ ಬೆಲೆಗಳನ್ನು 1926ರಿಂದ ಮೊದಲ್ಗೊಂಡು ಗಣಕಯಂತ್ರಕ್ಕೆ ಊಡಿಸಿತ್ತು. ಆ ಭಂಡಾರದಿಂದ 1936ರಿಂದ 1975ರವರೆಗಿನ ಅಂಕಿಗಳನ್ನು ಆಯ್ದು ರಾಲ್ಫ್ ಬಾಂಜ್ ಎಂಬ ವಿದ್ವಾಂಸರು 1981ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅಪಾಯದ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸಣ್ಣ ಕಂಪೆನಿಗಳ ಷೇರುಗಳೇ ಹೆಚ್ಚು ಪ್ರತಿಫಲ ಕೊಟ್ಟಿವೆ ಎಂಬುದು ಅವರ ಶೋಧ. ಆದರೆ ಅತಿ ಸಣ್ಣವುಗಳಲ್ಲಿ ಮಾತ್ರ ಈ ಗುಣ ಎದ್ದು ಕಾಣುತ್ತದೆ, ಮಧ್ಯಮ ಗಾತ್ರದವಕ್ಕೂ ದೊಡ್ಡವಕ್ಕೂ ಹೆಚ್ಚು ಅಂತರವಿಲ್ಲ ಎಂದೂ, ಗಾತ್ರವೇ ಇದಕ್ಕೆ ಕಾರಣವೆಂದು ಹೇಳಲಾಗದು ಎಂದೂ ಅವರು ಎಚ್ಚರಿಸಿದ್ದರು. ಶೋಧವನ್ನು ಎಲ್ಲರೂ ಕೇಳಿದರು. ಎಚ್ಚರಿಕೆಯನ್ನು ಕೇಳಿದವರು ಕಡಮೆ. ಅದೇ ವರ್ಷ ಡೇವಿಡ್ ಬೂತ್ ಮತ್ತು ರೆಕ್ಸ್ ಸಿಂಕ್‌ಫೀಲ್ಡ್ ಎಂಬವರು ಅತಿ ಸಣ್ಣ ಕಂಪೆನಿಗಳ ಷೇರುಗಳನ್ನೇ ಕೊಳ್ಳುವ ನಿಧಿಯೊಂದನ್ನು ಆರಂಭಿಸಿದರು.

ನಂಬಿಕೆ ಬಲವಾದಂತೆ ಅದರ ಬಿರುಕುಗಳೂ ಕಂಡವು. ಈ ಹೆಚ್ಚುವರಿ ಲಾಭದ ಸುಮಾರು ಅರ್ಧದಷ್ಟು ಜನವರಿ ತಿಂಗಳೊಂದರಲ್ಲೇ ಬರುತ್ತದೆಂದು 1983ರಲ್ಲಿ ಡೊನಾಲ್ಡ್ ಕೈಮ್ ತೋರಿಸಿದರು. ತೆರಿಗೆ ತಗ್ಗಿಸಲೆಂದು ಡಿಸೆಂಬರಿನಲ್ಲಿ ನಷ್ಟದ ಷೇರುಗಳನ್ನು ಮಾರುವವರಿಂದ ಇಳಿದ ಬೆಲೆ ಹೊಸ ವರ್ಷದಲ್ಲಿ ಏರುವುದೇ ಇದಕ್ಕೆ ಕಾರಣವೆಂದು ಕೆಲವರ ವಿವರಣೆ. ಇನ್ನು 1975ರಿಂದ 1983ರವರೆಗಿನ ವರ್ಷಗಳನ್ನು ಬದಿಗಿರಿಸಿದರೆ, 1926ರಿಂದೀಚೆಗಿನ ದೀರ್ಘ ಇತಿಹಾಸದಲ್ಲಿ ಸಣ್ಣವುಗಳ ಮೇಲುಗೈ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಟೈಲರ್ ಶಮ್‌ವೇ ಅವರದು. ಕಂಪೆನಿಯೊಂದು ಮುಳುಗಿ ಷೇರುಕಟ್ಟೆಯ ಪಟ್ಟಿಯಿಂದ ಹೊರಬಿದ್ದಾಗ, ಕೊನೆಯ ಆ ನಷ್ಟ ಎಷ್ಟೋ ಸಲ ಷಿಕಾಗೊದ ದಾಖಲೆಯಲ್ಲಿ ಸೇರಿಯೇ ಇರಲಿಲ್ಲವೆಂದು ಅವರು 1997ರಲ್ಲಿ ತೋರಿಸಿದರು. ಹೀಗೆ ಮುಳುಗುವವು ಬಹುಪಾಲು ಸಣ್ಣವೇ. 1999ರಲ್ಲಿ ಅವರೂ ವಿನ್ಸೆಂಟ್ ವಾರ್ಥರ್ ಅವರೂ ನಾಸ್ಡಾಕ್ ಪೇಟೆಯ ಲೆಕ್ಕವನ್ನು ತಿದ್ದಿ ನೋಡಿದಾಗ, ಅಲ್ಲಿ ಸಣ್ಣತನದ ಲಾಭವೇ ಕಾಣಲಿಲ್ಲ. ಉಳಿದವರ ಕಥೆಯನ್ನೇ ಚರಿತ್ರೆಯೆಂದು ಬರೆದದ್ದರಿಂದ ಆದ ಪ್ರಮಾದ ಇದು. ರಾಜರ ಚರಿತ್ರೆಯಲ್ಲಿ ಮಾತ್ರ ಹೀಗಾಗುತ್ತದೆಂದು ನಾವು ತಿಳಿದಿದ್ದೆವು. ಲೆಕ್ಕದ ಪುಸ್ತಕದಲ್ಲೂ ಆಗುತ್ತದೆ.

ನಮ್ಮ ಬೆಂಗಳೂರಿನ ಇನ್ಫೋಸಿಸ್ 1993ರಲ್ಲಿ 95 ರೂಪಾಯಿಗೆ ಷೇರು ನೀಡಲು ಮುಂದಾದಾಗ ಸಾಕಷ್ಟು ಜನ ಕೊಳ್ಳಲು ಬರಲಿಲ್ಲ. ಅಂದು ಕೊಂಡು ಕಾದವರ ಭಾಗ್ಯವನ್ನು ಇಂದಿಗೂ ಹೊಗಳುತ್ತೇವೆ. ಆ ದಿನಗಳಲ್ಲೇ ಹುಟ್ಟಿ ಮರೆಯಾದ ಸಣ್ಣ ಕಂಪೆನಿಗಳ ಹೆಸರು ಯಾರ ನಾಲಗೆಯ ಮೇಲೂ ಇಲ್ಲ. ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಕೊಡುತ್ತಿರುವ ಬೆಲೆ ಎಷ್ಟು, ಮುಳುಗಿದವನ್ನೂ ಎಣಿಸಿದ್ದೇವೆಯೇ ಎಂದು ಕೇಳಿಕೊಳ್ಳುವುದೇ ಹಣ ತೊಡಗಿಸುವವನ ಮೊದಲ ವಿವೇಕ.