ಖಾಲಿ ಸೋರೆಬುರುಡೆ ಬಂದರೆ ರಾಜ ಸಾಯಬೇಕು: ಓಯೊ ರಾಜ್ಯದ ಕತೆ

ಪಶ್ಚಿಮ ಆಫ್ರಿಕಾದ ಓಯೊ ರಾಜ್ಯದಲ್ಲಿ ರಾಜನಿಗೆ ಅಲಾಫಿನ್ ಎನ್ನುತ್ತಾರೆ. ಅರಮನೆಯ ಒಡೆಯ ಎಂದು ಅರ್ಥ. ಅವನ ಮುಂದೆ ಎಂಥ ದೊಡ್ಡ ಮನುಷ್ಯನೂ ನೆಲಕ್ಕೆ ಬಿದ್ದು ನಮಸ್ಕರಿಸಬೇಕಿತ್ತು. ಕಿರೀಟದಿಂದ ಮಣಿಸರಗಳು ಮುಖದ ಮೇಲೆ ಪರದೆಯಂತೆ ಇಳಿಬಿದ್ದಿರುತ್ತಿದ್ದವು. ಜನ ಅವನ ಮುಖವನ್ನು ನೇರವಾಗಿ ನೋಡುವಂತಿರಲಿಲ್ಲ. ದೇವರನ್ನು ಬಿಟ್ಟರೆ ಅವನೇ.

ಅಂಥ ರಾಜನ ಮನೆಗೆ ಏಳು ಜನ ಮುಖಂಡರು ಸೇರಿ ಒಂದು ಖಾಲಿ ಸೋರೆಬುರುಡೆಯನ್ನೋ ಗಿಳಿಮೊಟ್ಟೆಯನ್ನೋ ಕಳುಹಿಸಿದರೆ ಮುಗಿಯಿತು. ದೇವರಿಗೆ ನೀನು ಬೇಡ, ಜನಕ್ಕೆ ಬೇಡ, ಭೂಮಿಗೂ ಬೇಡ ಎಂದು ಅದರ ಅರ್ಥ. ರಾಜ ತನ್ನ ಕೈಯಾರೆ ಪ್ರಾಣ ಬಿಡಬೇಕು.

ನಮ್ಮಲ್ಲಿ ಅವಿಶ್ವಾಸ ನಿರ್ಣಯ ಅಂತೀವಲ್ಲ, ಅದೇ. ಆದರೆ ಸೋತವನು ಮನೆಗೆ ಹೋಗುವಂತಿಲ್ಲ, ಸ್ಮಶಾನಕ್ಕೇ ಹೋಗಬೇಕು.

ಇದು ಯೊರುಬಾ ಜನರ ಚರಿತ್ರೆ. ಇಂದಿನ ನೈಜೀರಿಯಾದ ನೈಋತ್ಯ ಭಾಗ, ಪಕ್ಕದ ಬೆನಿನ್ ಮತ್ತು ಟೋಗೊ ದೇಶಗಳಲ್ಲಿ ಇವರು ಕೋಟಿಗಟ್ಟಲೆ ಇದ್ದಾರೆ. ಇವರಿಗೆ ಒಂದೇ ರಾಜ್ಯ ಅಂತ ಎಂದೂ ಇರಲಿಲ್ಲ. ಇಫೆ, ಓಯೊ, ಇಜೆಬು, ಎಗ್ಬಾ, ಎಕಿಟಿ ಹೀಗೆ ಹತ್ತಾರು ರಾಜ್ಯಗಳು, ಒಂದೊಂದಕ್ಕೂ ಒಬ್ಬ 'ಒಬಾ', ಅಂದರೆ ರಾಜ.

ಎಲ್ಲರಿಗೂ ಮೂಲ ಇಫೆ. ಜಗತ್ತು ಬರೀ ನೀರಾಗಿದ್ದಾಗ ಒಡುಡುವಾ ಆಕಾಶದಿಂದ ಸರಪಳಿ ಹಿಡಿದು ಇಳಿದ, ತಂದಿದ್ದ ಒಂದಿಷ್ಟು ಮಣ್ಣನ್ನು ನೀರಿಗೆ ಸುರಿದ, ಐದು ಬೆರಳಿನ ಕೋಳಿ ಅದನ್ನು ಕೆದರಿ ಕೆದರಿ ನೆಲ ಮಾಡಿತು ಎಂದು ಅವರ ಪುರಾಣ ಹೇಳುತ್ತದೆ. ಒಡುಡುವಾನ ವಂಶದವರಿಗೆ ಮಾತ್ರ ಮಣಿಸರದ ಕಿರೀಟ ಇಡುವ ಹಕ್ಕು. ಇವತ್ತಿಗೂ ಯಾವ ಊರಿನ ಕಿರೀಟ ಅಸಲಿ ಎಂಬ ಜಗಳ ಬಂದರೆ ಮಾತು ಇಫೆಗೇ ಹೋಗಿ ನಿಲ್ಲುತ್ತದೆ.

ಇಫೆಯಲ್ಲಿ 1938ರಲ್ಲಿ ಒಂದು ಮನೆಗೆ ಪಾಯ ಅಗೆಯುವಾಗ ಹಿತ್ತಾಳೆ, ತಾಮ್ರದ ತಲೆಗಳು ಸಿಕ್ಕವು. ಮೇಣದ ಅಚ್ಚಿನಲ್ಲಿ ಎರಕ ಹೊಯ್ದವು, ಐನೂರು ಆರುನೂರು ವರ್ಷಕ್ಕೂ ಹಳೆಯವು, ಕಣ್ಣು ತುಟಿ ಎಲ್ಲ ಜೀವಂತ ಮನುಷ್ಯರದೇ ಅನ್ನುವಷ್ಟು ಚೆಂದ. ಇದಕ್ಕೂ ಮೊದಲು 1910ರಲ್ಲಿ ಫ್ರೊಬೆನಿಯಸ್ ಎಂಬ ಜರ್ಮನಿಯ ವಿದ್ವಾಂಸ ಅಲ್ಲಿ ಇಂಥದೇ ಒಂದು ತಲೆ ನೋಡಿ, ಆಫ್ರಿಕಾದವರು ಇದನ್ನು ಮಾಡಿರಲು ಸಾಧ್ಯವೇ ಇಲ್ಲ, ಸಮುದ್ರದಲ್ಲಿ ಮುಳುಗಿತೆಂದು ಗ್ರೀಕರು ಹೇಳುವ ಅಟ್ಲಾಂಟಿಸ್‌ನ ಜನರ ಕೆಲಸ ಇರಬೇಕು ಎಂದು ವಾದಿಸಿದ್ದ. ಕಣ್ಣೆದುರು ಇಫೆಯ ಜನರಿದ್ದರೂ ಅವನಿಗೆ ಮುಳುಗಿದ ನಾಡೇ ಹೆಚ್ಚು ನಿಜ ಅನ್ನಿಸಿತು!

ಇಫೆಗೆ ಗೌರವ ಇತ್ತು, ಸೈನ್ಯ ಇದ್ದದ್ದು ಓಯೊಗೆ. ದಕ್ಷಿಣದ ದಟ್ಟ ಕಾಡಿನಲ್ಲಿ ತ್ಸೆತ್ಸೆ ನೊಣದ ಕಾಟಕ್ಕೆ ಕುದುರೆ ಬದುಕುವುದಿಲ್ಲ. ಓಯೊ ಇದ್ದದ್ದು ಉತ್ತರದ ಹುಲ್ಲುಗಾವಲಿನಲ್ಲಿ. ಇನ್ನೂ ಉತ್ತರದಿಂದ ಕುದುರೆ ಕೊಂಡು ತಂದು ದೊಡ್ಡ ಅಶ್ವಸೈನ್ಯ ಕಟ್ಟಿದರು. 18ನೇ ಶತಮಾನದಲ್ಲಿ ಪಕ್ಕದ ಬಲಿಷ್ಠ ದಹೋಮಿ ರಾಜ್ಯವೂ ಓಯೊಗೆ ವರ್ಷ ವರ್ಷ ಕಪ್ಪ ಕೊಡುತ್ತಿತ್ತು. ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಕರಾವಳಿಗೆ ಸಾಗಿಸಿ ಬಿಳಿಯರ ಹಡಗುಗಳಿಗೆ ಗುಲಾಮರನ್ನಾಗಿ ಮಾರುತ್ತಿದ್ದರು. ಓಯೊದ ಸಂಪತ್ತಿನಲ್ಲಿ ಈ ಪಾಪದ ದುಡ್ಡೂ ಇತ್ತು.

ಈಗ ಆ ಏಳು ಮುಖಂಡರ ವಿಷಯಕ್ಕೆ ಬರೋಣ. ಅವರ ಸಭೆಗೆ ಓಯೊ ಮೆಸಿ ಎಂದು ಹೆಸರು, ಅದರ ಹಿರಿಯನಿಗೆ ಬಶೋರುನ್. ರಾಜ ಸತ್ತರೆ ಮುಂದಿನವನನ್ನು ಆರಿಸುವವರು ಇವರೇ, ಕೆಟ್ಟವನಾದರೆ ಬುರುಡೆ ಕಳುಹಿಸುವವರೂ ಇವರೇ. ವರ್ಷಕ್ಕೊಮ್ಮೆ ಬಶೋರುನ್ ಶಕುನ ಕೇಳಿ, ರಾಜನ ಮೇಲೆ ದೇವರ ಒಲವು ಇನ್ನೂ ಇದೆಯೇ ಎಂದು ಹೇಳುವ ಹಬ್ಬವೂ ಇತ್ತು. ಆದರೆ ಅವರು ಮನಸ್ಸು ಬಂದಾಗೆಲ್ಲ ರಾಜನನ್ನು ಕೊಲ್ಲುವಂತಿರಲಿಲ್ಲ. ರಾಜನ ಜೊತೆ ಓಯೊ ಮೆಸಿಯ ಒಬ್ಬ ಸದಸ್ಯನೂ ಸಾಯಬೇಕು ಎಂಬುದು ಸಂಪ್ರದಾಯ. ರಾಜನ ಹಿರಿಮಗನೂ ಅಪ್ಪನ ಜೊತೆಗೇ ಹೋಗಬೇಕು. ಬುರುಡೆ ಎತ್ತುವ ಮೊದಲು ನೂರು ಸಲ ಯೋಚಿಸಲಿ ಅಂತ ಹಿರಿಯರು ಹಾಕಿದ ಬೇಲಿ ಇದು ಅಂತ ನನಗನ್ನಿಸುತ್ತದೆ.

ಆ ಬೇಲಿಯನ್ನೇ ಹಾರಿದವನು ಬಶೋರುನ್ ಗಾಹ. 1754ರಿಂದ ಸುಮಾರು 20 ವರ್ಷ ಓಯೊವನ್ನು ಆಳಿದ್ದು ಹೆಸರಿಗೆ ಅಲಾಫಿನ್‌ಗಳು, ನಿಜಕ್ಕೂ ಗಾಹ. ಒಬ್ಬರ ಮೇಲೊಬ್ಬರಂತೆ ರಾಜರನ್ನು ಕೂರಿಸಿದ, ಸಾಯಿಸಿದ. ಅವರಲ್ಲೊಬ್ಬ ಗದ್ದುಗೆ ಮೇಲಿದ್ದದ್ದು ಬರೀ 17 ದಿನ ಎಂದು ಓಯೊದ ಹಿರಿಯರು ಹೇಳುತ್ತಿದ್ದರು. ಗಾಹನ ಮಕ್ಕಳು ಊರೂರಿನಲ್ಲಿ ಕೂತು ಕಪ್ಪ ವಸೂಲಿ ಮಾಡುತ್ತಿದ್ದರು, ಅರಮನೆಗೆ ಏನೂ ಬರುತ್ತಿರಲಿಲ್ಲ. ರಾಜನನ್ನು ಹದ್ದಿನಲ್ಲಿಡಲು ಇದ್ದ ಅಧಿಕಾರವೇ ರಾಜನ ಅಧಿಕಾರಕ್ಕಿಂತ ದೊಡ್ಡದಾಯಿತು. ಅವನಿಗೆ ಬುರುಡೆ ಕಳುಹಿಸುವವರು ಯಾರೂ ಇರಲಿಲ್ಲ.

ಮುಂದೆ ಬಂದ ಅಲಾಫಿನ್ ಅಬಿಯೊದುನ್ ತಾಳ್ಮೆಯ ಮನುಷ್ಯ. ದಿನಾ ಬೆಳಿಗ್ಗೆ ತಾನೇ ಗಾಹನ ಮನೆಗೆ ಹೋಗಿ ನಮಸ್ಕಾರ ಹಾಕಿ ಬರುತ್ತಿದ್ದನಂತೆ. ಒಳಗೊಳಗೇ ಹೊರ ಊರುಗಳ ನಾಯಕರಿಗೆ ಸುದ್ದಿ ಕಳುಹಿಸಿ, ಒಂದೇ ದಿನ ಎಲ್ಲ ಕಡೆ ಗಾಹನ ಮಕ್ಕಳ ಮೇಲೆ ಬಿದ್ದರು. 1774ರಲ್ಲಿ ಗಾಹನ ಕತೆ ಮುಗಿಯಿತು. ಗಾಹನ ಸಾವು ನೆನಪಿದ್ದರೆ ನ್ಯಾಯವಾಗಿ ನಡೆಯುತ್ತೀ ಎಂಬ ಅರ್ಥದ ಗಾದೆ ಯೊರುಬಾ ಭಾಷೆಯಲ್ಲಿ ಇಂದಿಗೂ ಇದೆ.

ಗಾಹ ಹೋದ, ಆದರೆ ರಾಜ ಮತ್ತು ಮುಖಂಡರ ನಡುವಿನ ನಂಬಿಕೆ ಮತ್ತೆ ಕೂಡಲಿಲ್ಲ. ಅಬಿಯೊದುನ್ ನಂತರ ಬಂದ ಅವೊಲೆ, ಇಫೆಗೆ ಸೇರಿದ ಅಪೊಮು ಎಂಬ ಸಂತೆ ಊರಿನ ಮೇಲೆ ದಾಳಿಗೆ ಆಜ್ಞೆ ಕೊಟ್ಟ. ಇಫೆಯ ಮೇಲೆ ಕೈ ಮಾಡುವುದಿಲ್ಲ ಎಂದು ಪ್ರತಿ ಅಲಾಫಿನ್ ಪ್ರಮಾಣ ಮಾಡಿರುತ್ತಾನೆ! ಆಮೇಲೆ ತನ್ನದೇ ದಂಡನಾಯಕ ಅಫೊಂಜಾನನ್ನು ಮುಗಿಸಲು ಸಂಚು ಹೂಡಿದ. ಸೈನ್ಯ ತಿರುಗಿಬಿತ್ತು, ಬುರುಡೆ ಬಂತು. ಅವೊಲೆ ಸಾಯುವ ಮೊದಲು ಮೂರು ದಿಕ್ಕಿಗೆ ಮೂರು ಬಾಣ ಬಿಟ್ಟು, ನನಗೆ ದ್ರೋಹ ಮಾಡಿದ ನಿಮ್ಮನ್ನು ಈ ದಿಕ್ಕುಗಳಿಗೆಲ್ಲ ಗುಲಾಮರಾಗಿ ಒಯ್ಯಲಿ ಎಂದು ಶಪಿಸಿದ ಎಂಬ ಕತೆ ಇದೆ. ಇದು ನಡೆದದ್ದು 1796ರ ಹೊತ್ತಿಗೆ.

ಶಾಪವನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದದ್ದು ಮಾತ್ರ ಹಾಗೆಯೇ. ಅಫೊಂಜಾ ಇಲೋರಿನ್‌ನಲ್ಲಿ ಸ್ವತಂತ್ರನಾದ, ಫುಲಾನಿಗಳ ನೆರವು ಪಡೆದ, ಕೊನೆಗೆ ಅವರಿಂದಲೇ ಸತ್ತ. ಇಲೋರಿನ್ ಓಯೊದ ಕೈ ತಪ್ಪಿತು. 1830ರ ದಶಕದಲ್ಲಿ ಹಳೆಯ ಓಯೊ ನಗರವನ್ನೇ ಜನ ಬಿಟ್ಟು ದಕ್ಷಿಣಕ್ಕೆ ಹೋದರು. ಊರಿಗೆ ಊರೇ ಸುಟ್ಟವು, ಸಿಕ್ಕವರನ್ನು ಮಾರಿದರು.

1821ರಲ್ಲಿ ಒಸೊಗುನ್ ಎಂಬ ಊರಿನ ಮೇಲೆ ದಾಳಿಯಾದಾಗ ಸಿಕ್ಕಿಬಿದ್ದವರಲ್ಲಿ 12-13 ವರ್ಷದ ಅಜಾಯಿ ಎಂಬ ಹುಡುಗ ಇದ್ದ. ಕೈಯಿಂದ ಕೈಗೆ ಮಾರಾಟವಾಗಿ ಪೋರ್ಚುಗೀಸ್ ಹಡಗು ಸೇರಿದ. ಬ್ರಿಟಿಷ್ ನೌಕಾಪಡೆ ಆ ಹಡಗನ್ನು ತಡೆದು ಅವನನ್ನು ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಅವನೇ ಮುಂದೆ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್. 1864ರಲ್ಲಿ ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್ ಆದ, ಯೊರುಬಾ ಭಾಷೆಗೆ ವ್ಯಾಕರಣ, ನಿಘಂಟು ಬರೆದ. ಅವನಂತೆ ಪಾರಾಗದವರು ಬ್ರೆಜಿಲ್, ಕ್ಯೂಬಾಗಳ ಕಬ್ಬಿನ ಗದ್ದೆ ಸೇರಿದರು. ಓಯೊದ ಸಿಡಿಲಿನ ದೇವರು ಶಾಂಗೊನ ಪೂಜೆ ಅಲ್ಲಿ ಇವತ್ತಿಗೂ ನಡೆಯುತ್ತದೆ.

ಈ ಕತೆಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿದ್ದು ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಯೊರುಬಾ ಪಾದ್ರಿಯಿಂದ. ಹಿರಿಯರನ್ನು, ಅರಮನೆಯ ಹಾಡುಗಾರರನ್ನು ಕೇಳಿ ಕೇಳಿ ಬರೆದು 1897ರಲ್ಲಿ ಮುಗಿಸಿದ. ಇಂಗ್ಲೆಂಡಿಗೆ ಕಳುಹಿಸಿದ ಹಸ್ತಪ್ರತಿ ಕಳೆದೇಹೋಯಿತು. 1901ರಲ್ಲಿ ಅವನೂ ತೀರಿಕೊಂಡ. ತಮ್ಮ ಒಬದಾಯ ಅಣ್ಣನ ಟಿಪ್ಪಣಿಗಳನ್ನು ಜೋಡಿಸಿ ಮತ್ತೆ ಬರೆದ, ಪುಸ್ತಕ ಹೊರಬಂದದ್ದು 1921ರಲ್ಲಿ. ವರದಿ ಬರೆಯುವ ನಮ್ಮಂಥವರಿಗೆ ಆ ತಮ್ಮನ ಮೇಲೆ ವಿಶೇಷ ಪ್ರೀತಿ.

ಬ್ರಿಟಿಷರು ಬಂದ ಮೇಲೆ ಆಟ ಬದಲಾಯಿತು. 1895ರಲ್ಲಿ ಓಯೊದ ಮೇಲೆ ಗುಂಡು ಹಾರಿಸಿದವರೇ ಆಮೇಲೆ ಅಲಾಫಿನ್‌ನನ್ನು ಮುಂದಿಟ್ಟುಕೊಂಡು ಆಳಿದರು. ರಾಜ ಈಗ ಗೋರಾ ಅಧಿಕಾರಿಗೆ ಮಾತ್ರ ಹೆದರಿದರೆ ಸಾಕು. ಬುರುಡೆ ಕಳುಹಿಸುವ ಹಕ್ಕು ಓಯೊ ಮೆಸಿಯ ಕೈಯಿಂದ ಹೋಯಿತು. ಬ್ರಿಟಿಷರು ಹಳೆಯ ಪದ್ಧತಿ ಉಳಿಸಿದರು ಅಂತ ಕೆಲವರು ಬರೆಯುತ್ತಾರೆ. ಉಳಿಸಿದ್ದು ಕಿರೀಟವನ್ನು, ಅದಕ್ಕಿದ್ದ ಕಡಿವಾಣವನ್ನಲ್ಲ.

ಬೇರೆ ಯೊರುಬಾ ಊರುಗಳಲ್ಲೂ ಹೀಗೇ. ಯುದ್ಧಕ್ಕೆ ಹೆದರಿ ಓಡಿಬಂದ ಎಗ್ಬಾ ಜನ 1830ರ ಸುಮಾರಿಗೆ ಒಂದು ದೊಡ್ಡ ಬಂಡೆಯ ಬುಡದಲ್ಲಿ ಕಟ್ಟಿಕೊಂಡ ಊರು ಅಬೆಯೊಕುಟಾ. ಅಲ್ಲಿಯ ರಾಜನಿಗೆ ಅಲಾಕೆ ಎನ್ನುತ್ತಾರೆ. ಎರಡನೇ ಅಡೆಮೊಲಾ ಅಲಾಕೆ ಆಗಿದ್ದಾಗ ಹೆಂಗಸರ ಮೇಲೆ ಪ್ರತ್ಯೇಕ ತೆರಿಗೆ ಇತ್ತು. ಸಂತೆಯಲ್ಲಿ ಕೂತು ಮಾರುವ ಹೆಂಗಸರು ಕಟ್ಟಬೇಕು, ಆದರೆ ಆಡಳಿತದಲ್ಲಿ ಅವರ ಪರ ಒಬ್ಬರೂ ಇಲ್ಲ. ಶಾಲೆ ಟೀಚರ್ ಆಗಿದ್ದ ಫುನ್ಮಿಲಾಯೊ ರಾನ್ಸಮ್-ಕುಟಿ ಇವರನ್ನೆಲ್ಲ ಸಂಘಟಿಸಿದರು. 1947ರ ಕೊನೆಗೆ ಸಾವಿರಾರು ಹೆಂಗಸರು ಅರಮನೆ ಮುಂದೆ ಕೂತರು. ರಾಜನನ್ನು ಬೈದು ಹಾಡು ಕಟ್ಟಿ ಹಾಡಿದರು. ಮರುವರ್ಷ ತೆರಿಗೆ ನಿಂತಿತು, ಅಲಾಕೆ ಊರು ಬಿಟ್ಟ, 1949ರ ಜನವರಿಯಲ್ಲಿ ಗದ್ದುಗೆಯನ್ನೂ ಬಿಟ್ಟುಕೊಟ್ಟ. ಎರಡು ವರ್ಷ ಆಗುವಷ್ಟರಲ್ಲಿ ವಾಪಸ್ ಬಂದ ಅನ್ನುವುದೂ ನಿಜ. ಆದರೂ ಬ್ರಿಟಿಷರು ಕಸಿದುಕೊಂಡಿದ್ದ ಆ ಬುರುಡೆ ಈ ಸಂತೆ ಹೆಂಗಸರ ಕೈಗೆ ಸಿಕ್ಕಿತ್ತು ಅಂತಲೇ ನಾನು ಓದಿಕೊಳ್ಳುತ್ತೇನೆ. ಅವರು ಯಾರ ಪ್ರಾಣವನ್ನೂ ಕೇಳಲಿಲ್ಲ.

ಓಯೊದಲ್ಲಿ ಈಗ ಅಲಾಫಿನ್‌ಗೆ ಅಧಿಕಾರದಂಡ ಕೊಡುವುದು ರಾಜ್ಯ ಸರ್ಕಾರದ ಗವರ್ನರ್. 50 ವರ್ಷಕ್ಕೂ ಹೆಚ್ಚು ಕಾಲ ಗದ್ದುಗೆಯಲ್ಲಿದ್ದ ಮೂರನೇ ಲಾಮಿಡಿ ಅಡೆಯೆಮಿ 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಓಯೊ ಮೆಸಿ ಆರಿಸಿದ ಹೆಸರನ್ನು ಸರ್ಕಾರ ಒಪ್ಪಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಗದ್ದುಗೆ ಖಾಲಿ ಇತ್ತು. 2025ರ ಜನವರಿಯಲ್ಲಿ ಸರ್ಕಾರ ಅಕೀಮ್ ಅಬಿಂಬೊಲಾ ಒವೊಆದೆ ಅವರ ಹೆಸರನ್ನು ಘೋಷಿಸಿತು. ಓಯೊ ಮೆಸಿಯ ಹಲವರು ಇದು ನಮ್ಮ ಆಯ್ಕೆ ಅಲ್ಲ ಎಂದು ವಕೀಲರ ಮೂಲಕ ಆಕ್ಷೇಪ ಎತ್ತಿದರು.