‘ಬೇಡ’ ಎಂಬ ಉತ್ತರ ಬಂದಾಗ: ಅಪರಿಚಿತ ಗ್ರಾಹಕರಿಗೆ ಇ-ಮೇಲ್ ಬರೆಯುವ ಉದ್ಯಮಿಗಳಿಗೊಂದು ಕೈಪಿಡಿ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ, ಬೆಳಗಾವಿಯ ಎರಕದ ಕಾರ್ಖಾನೆ, ಹುಬ್ಬಳ್ಳಿಯ ವಾಲ್ವ್ ತಯಾರಕ, ಬೆಂಗಳೂರಿನ ಮಹಡಿಯೊಂದರಲ್ಲಿ ನಾಲ್ಕೈದು ಮಂದಿ ಸೇರಿ ನಡೆಸುವ ಸಾಫ್ಟ್‌ವೇರ್ ಸಂಸ್ಥೆ. ಇವರೆಲ್ಲರ ಚಿಂತೆ ಒಂದೇ: ಹೊಸ ಗ್ರಾಹಕರನ್ನು ಹುಡುಕುವುದು ಹೇಗೆ? ಊರೂರು ಸುತ್ತಲು ಮಾರಾಟ ಪ್ರತಿನಿಧಿಗಳಿಲ್ಲ. ಹೊರದೇಶದ ವಸ್ತುಪ್ರದರ್ಶನದಲ್ಲಿ ಮಳಿಗೆ ಹಿಡಿಯಲು ಹಣವಿಲ್ಲ. ಹೀಗಾಗಿ ಬಹುತೇಕರು ಮೊರೆ ಹೋಗುವುದು ಇ-ಮೇಲ್‌ಗೆ. ಮುಖಪರಿಚಯವೇ ಇಲ್ಲದ ಖರೀದಿ ಅಧಿಕಾರಿಯೊಬ್ಬರಿಗೆ ನಾಲ್ಕು ಸಾಲು ಬರೆದು, ‘ನಮ್ಮಲ್ಲಿ ಇಂಥ ಸರಕು ಸಿಗುತ್ತದೆ, ತಮಗೆ ಬೇಕೇ?’ ಎಂದು ಕೇಳುವ ಈ ಪದ್ಧತಿಗೆ ವ್ಯಾಪಾರ ವಲಯದಲ್ಲಿ ‘ಕೋಲ್ಡ್ ಇ-ಮೇಲ್’ ಎಂದು ಹೆಸರು.

ಇಂಥ ಪತ್ರಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಬರುವುದಿಲ್ಲ. ಬರುವ ಉತ್ತರಗಳಲ್ಲಿಯೂ ‘ಬೇಡ’ ಎಂಬುದೇ ಹೆಚ್ಚು. ಪತ್ರ ಬರೆಯುವುದು ಹೇಗೆಂದು ಹೇಳಿಕೊಡುವವರು ಸಾಕಷ್ಟಿದ್ದಾರೆ. ಆದರೆ ‘ಬೇಡ’ ಎಂದವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವವರು ವಿರಳ. ಸಂಸ್ಥೆಯ ಹೆಸರು ಉಳಿಯುವುದೂ ಕೆಡುವುದೂ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲಿಯೇ.

ಹಳೆಯ ಕಥೆ

ಇ-ಮೇಲ್ ಮೂಲಕ ವ್ಯಾಪಾರ ಕೇಳುವ ರೂಢಿಯಷ್ಟೇ ಹಳೆಯದು ಅದಕ್ಕೆ ಬರುವ ಸಿಟ್ಟಿನ ಉತ್ತರ. 1978ರ ಮೇ ತಿಂಗಳಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ಥರ್ಕ್ ಎಂಬುವರು ಹೊಸ ಕಂಪ್ಯೂಟರಿನ ಪ್ರಾತ್ಯಕ್ಷಿಕೆಗೆ ಆಹ್ವಾನಿಸಿ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಸಂದೇಶ ಕಳುಹಿಸಿದರು. ಇಂದಿನ ಅಂತರ್ಜಾಲದ ಪೂರ್ವಜವಾದ ಆ ಜಾಲ ಅಮೆರಿಕದ ರಕ್ಷಣಾ ಇಲಾಖೆಗೆ ಸೇರಿದ್ದು. ಆಕ್ಷೇಪಣೆಗಳು ಬಂದವು, ಜಾಲದ ಉಸ್ತುವಾರಿ ಹೊತ್ತವರು ಛೀಮಾರಿ ಹಾಕಿದರು. ಆ ಸಂದೇಶದಿಂದ ಒಳ್ಳೆಯ ವ್ಯಾಪಾರವೂ ಆಯಿತೆಂದು ಥರ್ಕ್ ಅನಂತರ ಹೇಳಿಕೊಂಡರು. ಒಂದೇ ಪತ್ರಕ್ಕೆ ವ್ಯಾಪಾರವೂ ಬರಬಹುದು, ಬೈಗುಳವೂ ಬರಬಹುದು ಎಂಬುದು ಅಂದೇ ಸ್ಪಷ್ಟವಾಗಿತ್ತು.

ಎಲ್ಲ ‘ಬೇಡ’ಗಳೂ ಒಂದೇ ಅಲ್ಲ

ನಿರಾಕರಣೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದು ಯಾವ ಬಗೆಯದೆಂದು ಗುರುತಿಸುವುದು. ಸ್ಥೂಲವಾಗಿ ಆರು ಬಗೆಗಳನ್ನು ಕಾಣಬಹುದು.

ಒಂದು, ಯಂತ್ರದ ಉತ್ತರ. ಪತ್ರ ತಲುಪಲಿಲ್ಲವೆಂದು ಸರ್ವರ್ ತಾನಾಗಿ ಕಳುಹಿಸುವ ಸೂಚನೆ ಇದು. ಅದರಲ್ಲಿರುವ ಸಂಖ್ಯೆ 5ರಿಂದ ಆರಂಭವಾಗಿದ್ದರೆ, ಉದಾಹರಣೆಗೆ 550 ಎಂದಿದ್ದರೆ, ದೋಷ ಕಾಯಂ ಸ್ವರೂಪದ್ದು. ವಿಳಾಸ ಅಸ್ತಿತ್ವದಲ್ಲಿಲ್ಲ ಅಥವಾ ಆ ಸರ್ವರ್ ನಿಮ್ಮ ಪತ್ರವನ್ನು ಸ್ವೀಕರಿಸುತ್ತಿಲ್ಲ ಎಂದರ್ಥ. 4ರಿಂದ ಆರಂಭವಾಗಿದ್ದರೆ ತಾತ್ಕಾಲಿಕ ಅಡಚಣೆ. ವಿಳಾಸವೇ ಇಲ್ಲವೆಂದು ತಿಳಿದ ಮೇಲೆ ಅದನ್ನು ಪಟ್ಟಿಯಿಂದ ಕೈಬಿಡಬೇಕು. ಇಲ್ಲದ ವಿಳಾಸಗಳಿಗೆ ಮತ್ತೆ ಮತ್ತೆ ಬರೆಯುವವರನ್ನು ಇ-ಮೇಲ್ ಸೇವಾ ಸಂಸ್ಥೆಗಳು ಸಂಶಯದಿಂದಲೇ ನೋಡುತ್ತವೆ.

ಎರಡು, ‘ಇನ್ನು ಮುಂದೆ ಬರೆಯಬೇಡಿ’ ಎಂಬ ಉತ್ತರ. ಇಲ್ಲಿ ಚರ್ಚೆಗೆ ಅವಕಾಶವಿಲ್ಲ. ಕಾರಣ ಕೇಳುವುದು, ಕೊನೆಯದಾಗಿ ಒಂದು ರಿಯಾಯಿತಿ ಮುಂದಿಡುವುದು, ‘ನಮ್ಮ ಕ್ಯಾಟಲಾಗ್ ಒಮ್ಮೆ ನೋಡಿ’ ಎನ್ನುವುದು ಎಲ್ಲವೂ ತಪ್ಪು. ಎರಡು ಸಾಲು ಸಾಕು: ‘ತಮ್ಮ ವಿಳಾಸವನ್ನು ನಮ್ಮ ಪಟ್ಟಿಯಿಂದ ಇಂದೇ ತೆಗೆದಿದ್ದೇವೆ. ತೊಂದರೆಯಾಗಿದ್ದಲ್ಲಿ ಕ್ಷಮೆಯಿರಲಿ.’

ಮೂರು, ‘ಆಸಕ್ತಿ ಇಲ್ಲ’ ಎಂಬ ಚುಟುಕು ಉತ್ತರ. ಓದಿ, ಉತ್ತರಿಸುವ ಸೌಜನ್ಯವನ್ನಾದರೂ ಅವರು ತೋರಿದ್ದಾರೆ. ಧನ್ಯವಾದ ಹೇಳಿ ಮುಗಿಸುವುದೇ ಲೇಸು. ‘ಮುಂದೆಂದಾದರೂ ಅಗತ್ಯ ಬಿದ್ದರೆ ಈ ವಿಳಾಸಕ್ಕೆ ಒಂದು ಸಾಲು ಬರೆಯಿರಿ’ ಎಂಬುದಕ್ಕಿಂತ ಹೆಚ್ಚಿಗೆ ಬೇಡ.

ನಾಲ್ಕು, ‘ಈಗ ಬೇಡ’ ಎಂಬ ಉತ್ತರ. ಇದನ್ನು ನಿರಾಕರಣೆ ಎನ್ನುವುದಕ್ಕಿಂತ ಮುಂದೂಡಿಕೆ ಎನ್ನುವುದು ಸರಿ. ಯಾವಾಗ ಬರೆಯಬಹುದೆಂದು ಒಮ್ಮೆ ಕೇಳಬಹುದು. ‘ಹೊಸ ಬಜೆಟ್ ಬಂದ ಮೇಲೆ ನೋಡೋಣ’ ಎಂದರೆ ನಮ್ಮ ದೇಶದ ಬಹುತೇಕ ಸಂಸ್ಥೆಗಳಿಗೆ ಅದು ಏಪ್ರಿಲ್. ಹೊರದೇಶಗಳ ಅನೇಕ ಸಂಸ್ಥೆಗಳಿಗೆ ಜನವರಿ. ಅವರು ಹೇಳಿದ ದಿನವನ್ನು ಗುರುತು ಹಾಕಿಕೊಂಡು, ಅದಕ್ಕೂ ಮೊದಲು ಬರೆಯದೆ, ಆ ದಿನ ಬರೆಯುವುದನ್ನು ಮರೆಯದೆ ಇದ್ದವರಿಗೆ ಅರ್ಧ ಪರಿಚಯ ಆದಂತೆಯೇ.

ಐದು, ಕಾರಣಸಹಿತ ನಿರಾಕರಣೆ. ‘ಇದು ನನ್ನ ವಿಭಾಗವಲ್ಲ’, ‘ನಮಗೆ ಈಗಾಗಲೇ ಪೂರೈಕೆದಾರರಿದ್ದಾರೆ’, ‘ನಿಮ್ಮ ಬೆಲೆ ಹೆಚ್ಚು’ ಎಂಬಂಥವು. ಮೊದಲನೆಯದಕ್ಕೆ, ಸಂಬಂಧಪಟ್ಟವರು ಯಾರೆಂದು ವಿನಯದಿಂದ ಒಮ್ಮೆ ಕೇಳಬಹುದು. ಎರಡನೆಯದಕ್ಕೆ, ಈಗಿನ ಪೂರೈಕೆದಾರರನ್ನು ಹಳಿಯದೆ, ‘ಅವರಿಂದ ಸರಕು ತಡವಾದ ಸಂದರ್ಭದಲ್ಲಿ ಎರಡನೆಯ ಆಯ್ಕೆಯಾಗಿ ನಮ್ಮ ಹೆಸರು ತಮ್ಮ ಗಮನದಲ್ಲಿರಲಿ’ ಎನ್ನಬಹುದು. ಮೂರನೆಯದಕ್ಕೆ ತಕ್ಷಣ ಬೆಲೆ ಇಳಿಸುವುದು ಸಲ್ಲದು. ಕೇಳಿದ ಕೂಡಲೇ ಇಳಿಸಿದ ಬೆಲೆ, ಮೊದಲು ಹೇಳಿದ ಬೆಲೆ ಪ್ರಾಮಾಣಿಕವಲ್ಲವೇನೋ ಎಂಬ ಅನುಮಾನ ಹುಟ್ಟಿಸುತ್ತದೆ. ಯಾವ ಪ್ರಮಾಣಕ್ಕೆ, ಯಾವ ಗುಣಮಟ್ಟಕ್ಕೆ ಹೋಲಿಸಿ ಹೆಚ್ಚೆಂದರು ಎಂಬುದನ್ನು ಮೊದಲು ತಿಳಿಯಬೇಕು.

ಆರು, ಸಿಟ್ಟಿನ ಉತ್ತರ. ‘ನನ್ನ ವಿಳಾಸ ನಿಮಗೆ ಕೊಟ್ಟವರಾರು?’ ಎಂಬ ಪ್ರಶ್ನೆಯಿಂದ ಹಿಡಿದು ನೇರ ಬೈಗುಳದವರೆಗೆ ಇದರ ವ್ಯಾಪ್ತಿ. ಈ ಬಗೆಯನ್ನು ಕುರಿತು ಪ್ರತ್ಯೇಕವಾಗಿಯೇ ಹೇಳಬೇಕಾಗುತ್ತದೆ.

ಸಿಟ್ಟಿಗೆ ಸಿಟ್ಟು ಮದ್ದಲ್ಲ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಇ-ಮೇಲ್‌ಗೆ ಇನ್ನಷ್ಟು ಚೆನ್ನಾಗಿ ಒಪ್ಪುತ್ತದೆ. ಬಾಯಿಮಾತು ಗಾಳಿಯಲ್ಲಿ ಕರಗಬಹುದು. ಬರೆದು ಕಳುಹಿಸಿದ್ದು ಎದುರಿನವರ ಬಳಿ ಉಳಿಯುತ್ತದೆ. ಅದು ಅವರ ಸಹೋದ್ಯೋಗಿಗಳಿಗೆ, ಅದೇ ಕ್ಷೇತ್ರದ ಮತ್ತೊಂದು ಸಂಸ್ಥೆಗೆ, ಸಾಮಾಜಿಕ ಜಾಲತಾಣಕ್ಕೆ ಹೋಗಲು ಕ್ಷಣ ಸಾಕು. ಒಂದು ಕ್ಷೇತ್ರದ ಖರೀದಿದಾರರು ಒಬ್ಬರನ್ನೊಬ್ಬರು ಬಲ್ಲವರಾಗಿರುತ್ತಾರೆಂಬುದನ್ನು ಮರೆಯಬಾರದು.

ಆದ್ದರಿಂದ ಇಂಥ ಉತ್ತರ ಬಂದಾಗ ಕನಿಷ್ಠ ಒಂದು ಗಂಟೆ ಏನನ್ನೂ ಬರೆಯದಿರುವುದು ಕ್ಷೇಮ. ಬಳಿಕ ಬರೆಯುವ ಪತ್ರದಲ್ಲಿ ಮೂರೇ ಅಂಶಗಳಿರಬೇಕು: ತೊಂದರೆಗೆ ಕ್ಷಮೆ, ವಿಳಾಸ ಸಿಕ್ಕಿದ್ದು ಎಲ್ಲಿಂದ ಎಂಬ ನಿಜವಾದ ಉತ್ತರ, ಮತ್ತೆ ಬರೆಯುವುದಿಲ್ಲವೆಂಬ ಭರವಸೆ. ‘ತಮ್ಮ ಸಂಸ್ಥೆಯ ಜಾಲತಾಣದ ಸಂಪರ್ಕ ಪುಟದಲ್ಲಿ ತಮ್ಮ ವಿಳಾಸ ಕಂಡು ಬರೆದೆವು. ಅದರಿಂದ ತಮಗೆ ಕಿರಿಕಿರಿಯಾಗಿದ್ದಕ್ಕೆ ವಿಷಾದವಿದೆ. ತಮ್ಮ ವಿಳಾಸಕ್ಕೆ ನಮ್ಮಿಂದ ಇನ್ನು ಪತ್ರ ಬಾರದು’ ಎಂದರೆ ಸಾಕು. ತಪ್ಪು ನಮ್ಮದಲ್ಲವೆಂದು ಸಾಧಿಸುವ ಒಂದು ಸಾಲು ಸೇರಿದರೂ ಕ್ಷಮೆಯ ಬೆಲೆ ಹೋಗುತ್ತದೆ. ನಿರಾಕರಿಸಿದವರ ಮೇಲಧಿಕಾರಿಗೆ ಪ್ರತಿ ಕಳುಹಿಸುವ ಚಾಳಿಯೂ ಕೆಲವರಲ್ಲಿದೆ. ಆ ಸಂಸ್ಥೆಯ ಬಾಗಿಲು ಶಾಶ್ವತವಾಗಿ ಮುಚ್ಚಲು ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ವಿಳಾಸಗಳನ್ನು ದಲ್ಲಾಳಿಗಳಿಂದ ಸಗಟಾಗಿ ಕೊಂಡವರಿಗೆ ‘ಕೊಟ್ಟವರಾರು’ ಎಂಬ ಪ್ರಶ್ನೆಗೆ ಗೌರವದ ಉತ್ತರ ಇರುವುದಿಲ್ಲ. ಇಂಥ ಪಟ್ಟಿಗಳನ್ನು ಕೊಳ್ಳಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ಕಾನೂನು ಏನನ್ನುತ್ತದೆ?

‘ಬರೆಯಬೇಡಿ’ ಎಂದವರ ಮಾತನ್ನು ಮನ್ನಿಸುವುದು ಹಲವು ದೇಶಗಳಲ್ಲಿ ಕಾನೂನಿನ ಕಟ್ಟಳೆಯೂ ಹೌದು. ರಫ್ತು ಮಾಡುವವರು ಇದನ್ನು ಅಗತ್ಯವಾಗಿ ತಿಳಿದಿರಬೇಕು.

ಅಮೆರಿಕದಲ್ಲಿ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆ ಜಾರಿಯಲ್ಲಿದೆ. ಸಂಸ್ಥೆಯಿಂದ ಸಂಸ್ಥೆಗೆ ಹೋಗುವ ವಾಣಿಜ್ಯ ಪತ್ರಗಳಿಗೂ ಅದು ಅನ್ವಯಿಸುತ್ತದೆ. ಪತ್ರದಲ್ಲಿ ಕಳುಹಿಸಿದವರ ಅಂಚೆ ವಿಳಾಸವಿರಬೇಕು, ‘ಬೇಡ’ ಎನ್ನಲು ಸುಲಭವಾದ ದಾರಿಯಿರಬೇಕು, ಬೇಡವೆಂದವರ ಕೋರಿಕೆಯನ್ನು 10 ಕೆಲಸದ ದಿನಗಳೊಳಗೆ ಈಡೇರಿಸಬೇಕು. ಅದಕ್ಕೆ ಶುಲ್ಕ ಕೇಳುವಂತಿಲ್ಲ, ಹಾಗೆಂದವರ ವಿಳಾಸವನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ. ನಿಯಮ ಮೀರಿದರೆ ಒಂದೊಂದು ಪತ್ರಕ್ಕೂ 50 ಸಾವಿರ ಡಾಲರಿಗೂ ಹೆಚ್ಚು ದಂಡ ವಿಧಿಸಲು ಅವಕಾಶವಿದೆ.

ಕೆನಡಾದಲ್ಲಿ 2014ರಿಂದ ಜಾರಿಯಲ್ಲಿರುವ ಕಾಯಿದೆ ಇನ್ನೂ ಬಿಗಿಯಾದದ್ದು. ಪತ್ರ ಪಡೆಯುವವರ ಸಮ್ಮತಿ ಇರಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಜರ್ಮನಿಯಲ್ಲಿಯೂ ಪೂರ್ವಸಮ್ಮತಿ ಇಲ್ಲದೆ ಜಾಹೀರಾತಿನ ಇ-ಮೇಲ್ ಕಳುಹಿಸುವುದು, ಅದು ವ್ಯಾಪಾರ ಸಂಸ್ಥೆಗೇ ಆದರೂ, ಸಾಮಾನ್ಯವಾಗಿ ನಿಷಿದ್ಧ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ ನಿಯಮಾವಳಿಯ 21ನೇ ವಿಧಿಯ ಪ್ರಕಾರ, ನೇರ ಮಾರಾಟಕ್ಕಾಗಿ ತನ್ನ ಮಾಹಿತಿಯನ್ನು ಬಳಸಬಾರದೆಂದು ಯಾವುದೇ ವ್ಯಕ್ತಿ ಯಾವಾಗ ಬೇಕಾದರೂ ಆಕ್ಷೇಪಿಸಬಹುದು. ಆಕ್ಷೇಪಿಸಿದ ಮೇಲೆ ನಿಲ್ಲಿಸಲೇಬೇಕು. ತನ್ನ ಮಾಹಿತಿ ಎಲ್ಲಿಂದ ಬಂತೆಂದು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಸಿಟ್ಟಿನಲ್ಲಿ ಕೇಳಿದಂತೆ ಕಾಣುವ ಪ್ರಶ್ನೆ ಕಾನೂನಿನ ಹಕ್ಕೂ ಆಗಿರಬಹುದೆಂಬುದು ಇಲ್ಲಿ ಗಮನಾರ್ಹ.

ಭಾರತದಲ್ಲಿ ಅನಪೇಕ್ಷಿತ ಇ-ಮೇಲ್‌ಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. ಟ್ರಾಯ್ 2018ರಲ್ಲಿ ರೂಪಿಸಿದ ನಿಯಮಗಳು ದೂರವಾಣಿ ಕರೆ ಹಾಗೂ ಎಸ್‌ಎಂಎಸ್‌ಗಳಿಗೆ ಸಂಬಂಧಿಸಿದವು. ಕಿರಿಕಿರಿ ಉಂಟುಮಾಡುವ ಇ-ಮೇಲ್ ಅನ್ನೂ ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರಲಿವೆ. ಇತರರ ವಿಳಾಸಗಳನ್ನು ಕೂಡಿಡುವವರು ಇನ್ನು ಎಚ್ಚರದಿಂದಿರಬೇಕು.

ಗುಂಡಿ ಒತ್ತುವ ಮೌನ ನಿರಾಕರಣೆ

ಉತ್ತರ ಬರೆದು ಬೈಯುವವರಿಗಿಂತ, ಏನೂ ಬರೆಯದೆ ‘ಸ್ಪ್ಯಾಮ್’ ಗುಂಡಿ ಒತ್ತುವವರಿಂದ ಆಗುವ ಹಾನಿ ಹೆಚ್ಚು. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ನಿಯಮಗಳನ್ನು ಬಿಗಿಗೊಳಿಸಿವೆ. ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟಬಾರದೆಂಬುದು ಅವುಗಳಲ್ಲೊಂದು. ಅಂದರೆ ಸಾವಿರ ಪತ್ರಗಳಿಗೆ ಮೂರು ದೂರು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5 ಸಾವಿರಕ್ಕೂ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಪ್ರಚಾರ ಪತ್ರಗಳಲ್ಲಿ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯವನ್ನೂ ಒದಗಿಸಬೇಕು.

ನಮ್ಮ ಸಣ್ಣ ಘಟಕ ದಿನಕ್ಕೆ ಕಳುಹಿಸುವುದು 30–40 ಪತ್ರ, ಇದರ ಗೊಡವೆ ನಮಗೇಕೆ ಎನ್ನಬಹುದು. ಪತ್ರಗಳು ಕಡಿಮೆಯಿದ್ದಾಗ ಒಂದೆರಡು ದೂರುಗಳೇ ದೊಡ್ಡ ಪ್ರಮಾಣವಾಗುತ್ತವೆ. ಹಳೆಯ ಗ್ರಾಹಕರಿಗೆ ಕೊಟೇಷನ್, ಬಿಲ್ಲು, ಬಾಕಿಯ ನೆನಪೋಲೆ ಹೋಗುವುದೂ ಅದೇ ಡೊಮೇನ್ ವಿಳಾಸದಿಂದ. ಅದರ ಹೆಸರು ಕೆಟ್ಟರೆ ಆ ಬಿಲ್ಲುಗಳೂ ಸ್ಪ್ಯಾಮ್ ಕಡತಕ್ಕೆ ಸೇರಿ, ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತವೆ. ಹೊಸಬರನ್ನು ಹುಡುಕಹೋಗಿ ಇದ್ದವರಿಂದ ಬರಬೇಕಾದ ಹಣವೂ ನಿಂತುಹೋಗುವ ಅಪಾಯ ಇಲ್ಲಿದೆ. ‘ಬೇಡವಾದಲ್ಲಿ ಒಂದು ಪದ ಬರೆದು ತಿಳಿಸಿ, ಮತ್ತೆ ತೊಂದರೆ ಕೊಡುವುದಿಲ್ಲ’ ಎಂಬ ಸಾಲನ್ನು ಪತ್ರದ ಕೊನೆಗೆ ಸೇರಿಸುವುದರ ಉಪಯೋಗ ಇದೇ. ಗುಂಡಿ ಒತ್ತುವುದಕ್ಕಿಂತ ‘ಬೇಡ’ ಎನ್ನುವುದು ಅವರಿಗೆ ಸುಲಭವಾಗಬೇಕು.

ಅಳಿಸಬೇಡಿ, ಬರೆದಿಡಿ

ನಿರಾಕರಿಸಿದವರ ವಿಳಾಸವನ್ನು ಪೂರ್ತಿ ಅಳಿಸಿಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಆರು ತಿಂಗಳ ಬಳಿಕ ಕಚೇರಿಗೆ ಹೊಸದಾಗಿ ಸೇರಿದವರೊಬ್ಬರು ವಸ್ತುಪ್ರದರ್ಶನದ ಕೈಪಿಡಿಯಿಂದ ಅದೇ ವಿಳಾಸವನ್ನು ಎತ್ತಿಕೊಂಡು ಮತ್ತೆ ಬರೆಯುತ್ತಾರೆ. ಎರಡನೆಯ ಸಲದ ಸಿಟ್ಟು ಮೊದಲಿನದರಂತೆ ಇರುವುದಿಲ್ಲ. ಆದ್ದರಿಂದ ‘ಬೇಡ’ ಎಂದವರದೇ ಒಂದು ಪಟ್ಟಿ ಇರಬೇಕು. ಎಕ್ಸೆಲ್ ಹಾಳೆಯಲ್ಲಿ ವಿಳಾಸ, ದಿನಾಂಕ, ನಿರಾಕರಣೆಯ ಬಗೆ, ಮತ್ತೆ ಬರೆಯಬಹುದಾದ ದಿನ ಎಂಬ ನಾಲ್ಕು ಅಂಕಣಗಳು ಸಾಕು. ಹೊಸ ಪತ್ರ ಹೊರಡುವ ಮುನ್ನ ಆ ಪಟ್ಟಿಯೊಡನೆ ತಾಳೆ ನೋಡುವುದು ಕಡ್ಡಾಯವಾಗಬೇಕು.

ಇದೇ ಪಟ್ಟಿ ಪಾಠವನ್ನೂ ಹೇಳುತ್ತದೆ. ಇಪ್ಪತ್ತು ನಿರಾಕರಣೆಗಳಲ್ಲಿ ಹೆಚ್ಚಿನವು ‘ನಾವು ಈ ಸರಕು ಬಳಸುವುದೇ ಇಲ್ಲ’ ಎಂದಿದ್ದರೆ ದೋಷ ವಿಳಾಸಗಳ ಆಯ್ಕೆಯಲ್ಲಿದೆ. ‘ಪೂರೈಕೆದಾರರಿದ್ದಾರೆ’ ಎಂಬುದೇ ಹೆಚ್ಚಾಗಿದ್ದರೆ, ನಮ್ಮ ಸರಕಿನ ವೈಶಿಷ್ಟ್ಯವನ್ನು ಪತ್ರ ಹೇಳುತ್ತಿಲ್ಲ. ‘ನೀವು ಏನು ಮಾರುತ್ತೀರೆಂದೇ ತಿಳಿಯಲಿಲ್ಲ’ ಎಂದರೆ ಪತ್ರವನ್ನೇ ತಿದ್ದಬೇಕು. ಸಲಹೆಗಾರರಿಗೆ ಹಣ ತೆತ್ತು ಪಡೆಯುವ ಮಾಹಿತಿಯನ್ನು ‘ಬೇಡ’ ಎಂದವರು ಪುಕ್ಕಟೆಯಾಗಿ ಕೊಟ್ಟಿರುತ್ತಾರೆ.

ಉತ್ತರವೇ ಬಾರದಿದ್ದರೆ? ವಾರದ ಬಳಿಕ ಒಂದು, ಹೆಚ್ಚೆಂದರೆ ಎರಡು ನೆನಪೋಲೆ ಸಾಕು. ಆಮೇಲೂ ಮೌನವಿದ್ದರೆ ಅದನ್ನೇ ಉತ್ತರವೆಂದು ತಿಳಿಯುವುದು ವಿವೇಕ.

ಕೊನೆಯದಾಗಿ, ಪತ್ರ ಬರೆಯುವ ಕೆಲಸಕ್ಕೆ ಕೂರಿಸಿದ ಕಿರಿಯ ನೌಕರರ ಕುರಿತು ಒಂದು ಮಾತು. ದಿನವಿಡೀ ನಿರಾಕರಣೆ ಓದುವವರು ಅವರೇ. ಬೈಗುಳ ತಿಂದವರಿಗೆ ಮಾಲೀಕರ ಬೈಗುಳವೂ ಸೇರಿದರೆ, ಅವರು ‘ಬೇಡ’ ಎಂಬ ಉತ್ತರಗಳನ್ನು ಮುಚ್ಚಿಡಲು ಕಲಿಯುತ್ತಾರೆ. ಮುಚ್ಚಿಟ್ಟ ನಿರಾಕರಣೆಯೇ ಮುಂದೆ ದೂರಾಗಿ, ದಂಡವಾಗಿ ಎದುರು ನಿಲ್ಲುತ್ತದೆ. ಬಂದ ‘ಬೇಡ’ಗಳನ್ನೆಲ್ಲ ವಾರಕ್ಕೊಮ್ಮೆ ಮೇಜಿನ ಮೇಲಿಟ್ಟು, ಯಾರನ್ನೂ ದೂರದೆ ಒಟ್ಟಿಗೆ ಓದುವ ಸಂಸ್ಥೆಗೆ ಈ ಅಪಾಯವಿಲ್ಲ. ಅಂಗಡಿಯ ಬಾಗಿಲಲ್ಲಿ ಸರಕು ನೋಡಿ ಬೇಡವೆಂದು ಹೊರಟವರನ್ನೂ ‘ಮತ್ತೆ ಬನ್ನಿ’ ಎಂದು ಬೀಳ್ಕೊಡುವುದು ನಮ್ಮ ವರ್ತಕರ ಹಳೆಯ ರೂಢಿ. ಇ-ಮೇಲ್‌ಗೂ ಆ ರೂಢಿಯೇ ಸಾಕು.