ಅಕ್ವೇರಿಯಂನ ಬಿಳಿ ಮರಳು: ಕಲೆಯ ಕಾರಣ, ಶುಚಿಯ ಕ್ರಮ

ಅಕ್ವೇರಿಯಂನ ತಳಕ್ಕೆ ಹಾಸುವ ಬಿಳಿ ಅಥವಾ ತಿಳಿಹಳದಿ ಮರಳು ಇಡೀ ತೊಟ್ಟಿಯನ್ನು ಬೆಳಗಿಸುತ್ತದೆ. ಕೊಳೆಯನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಜಲ್ಲಿ ಹಾಸಿದ ತೊಟ್ಟಿಯಲ್ಲಿ ಮೀನಿನ ಮಲ, ಉಳಿದ ಆಹಾರ ಕಲ್ಲುಗಳ ಸಂದಿಗಿಳಿದು ಕಣ್ಣಿಗೆ ಬೀಳದೆ ಕೊಳೆಯುತ್ತವೆ. ಒತ್ತಾಗಿ ಕೂತ ಮರಳಿನಲ್ಲಿ ಅವು ಮೇಲೆಯೇ ಉಳಿಯುತ್ತವೆ. ಕಲೆಯ ಬಣ್ಣ ನೋಡಿ ಕಾರಣ ಗುರುತಿಸಿ ಸರಿಪಡಿಸಿದರೆ, ಮರಳನ್ನು ಹೊರತೆಗೆದು ತೊಳೆಯುವ ಅಗತ್ಯವೇ ಬೀಳುವುದಿಲ್ಲ.

ಮರಳಿನ ಆಯ್ಕೆ

ನೀರಿನ ಫಿಲ್ಟರ್ ಟ್ಯಾಂಕುಗಳಿಗೆ ತುಂಬುವ ಸಿಲಿಕಾ ಮರಳು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾಳು ಸುಮಾರು 0.5ರಿಂದ 1 ಮಿ.ಮೀ. ಇರಲಿ, ತೀರಾ ಸಣ್ಣದಾದರೆ ಗಟ್ಟಿಯಾಗಿ ಕೂತು ಒಳಗೆ ನೀರಾಡುವುದಿಲ್ಲ. ಹವಳದ ಮರಳು, ಚಿಪ್ಪಿನ ಚೂರು ಬೆರೆತ ಕಡಲ ಮರಳು ನೀರಿನ ಗಡಸುತನವನ್ನೂ ಪಿಎಚ್ ಮಟ್ಟವನ್ನೂ ಏರಿಸುತ್ತವೆ. ವಿನೆಗರ್ ಹನಿಸಿದಾಗ ಗುಳ್ಳೆ ಎದ್ದರೆ ಮರಳಿನಲ್ಲಿ ಸುಣ್ಣವಿದೆ ಎಂದರ್ಥ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಬೇಡ. ಅದು ಒಡೆದ ಕಲ್ಲು, ಚೂಪು ಅಂಚು ತಳದಲ್ಲಿ ಮೇಯುವ ಮೀನುಗಳ ಮೀಸೆಯನ್ನು ತರಚಬಲ್ಲದು.

ಹಾಸುವ ಮುನ್ನ

ಮರಳನ್ನು ಸ್ವಲ್ಪಸ್ವಲ್ಪವಾಗಿ ಬಕೆಟ್ಟಿಗೆ ಹಾಕಿ, ನೀರು ತಿಳಿಯಾಗುವವರೆಗೆ ಕಲಸಿ ಬಗ್ಗಿಸಬೇಕು. ಸೋಪು ಸೋಕಿಸಬಾರದು. ಪದರ 3ರಿಂದ 5 ಸೆಂ.ಮೀ. ಸಾಕು. ಮರಳಿನ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನೀರು ಸುರಿದರೆ ತಳ ಕದಡುವುದಿಲ್ಲ. ಮರಳು ಹೊಕ್ಕು ಮೋಟಾರ್ ಸವೆಯದಂತೆ ಫಿಲ್ಟರಿನ ಬಾಯಿ ತಳದಿಂದ ಸಾಕಷ್ಟು ಮೇಲಿರಲಿ.

ಕಲೆಯ ಬಣ್ಣ ಹೇಳುವುದೇನು?

*ಕಂದು:* ಹೊಸ ತೊಟ್ಟಿಯಲ್ಲಿ ಮೊದಲ ವಾರಗಳಲ್ಲಿ ಹಬ್ಬುವ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದು ನೀರಿನಲ್ಲಿ ಕರಗಿದ ಸಿಲಿಕಾದಿಂದ ತನ್ನ ಕೋಶದ ಗೋಡೆ ಕಟ್ಟಿಕೊಳ್ಳುತ್ತದೆ. ಸಿಲಿಕಾ ಮರಳನ್ನು ದೂರಬೇಕಿಲ್ಲ. ಅದರ ಕಾಳು ಕರಗುವುದು ತೀರಾ ನಿಧಾನ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸೀಳುಗಳಿಂದ ಬರುವ ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಮೊದಲೇ ಕರಗಿರುತ್ತದೆ. ತೊಟ್ಟಿ ಹಳತಾದಂತೆ ಈ ಪದರ ಸಾಮಾನ್ಯವಾಗಿ ತಾನೇ ಇಳಿಯುತ್ತದೆ.

*ಹಸಿರು:* ಬೆಳಕು ಮತ್ತು ಪೋಷಕಾಂಶ ಎರಡೂ ಹೆಚ್ಚಾಗಿವೆ. ಕಿಟಕಿಯ ಬಿಸಿಲು ತಪ್ಪಿಸಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಿಗೊಳಿಸಬೇಕು.

*ನೀಲಿಹಸಿರು ಲೋಳೆ:* ಹಾಳೆಯಂತೆ ಎದ್ದು ಬರುವ, ಕೆಟ್ಟ ವಾಸನೆಯ ಈ ಪದರ ನಿಜವಾದ ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕೊಳೆ ಸೇರಿ ನೀರು ನಿಂತ ಮೂಲೆಗಳಲ್ಲಿ ಹೆಚ್ಚು. ಪದರವನ್ನು ಪೈಪಿನಿಂದ ಎಳೆದು ತೆಗೆದು, ಅಲ್ಲಿ ನೀರಿನ ಓಟ ಹೆಚ್ಚಿಸಬೇಕು.

*ಕಪ್ಪು:* ಮರಳಿನೊಳಗೆ ಆಮ್ಲಜನಕ ಮುಗಿದು ಸಲ್ಫೈಡ್ ಕಟ್ಟಿಕೊಂಡಿರುವ ಗುರುತು. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಒಮ್ಮೆಲೇ ಕಲಕಬಾರದು, ಹೈಡ್ರೋಜನ್ ಸಲ್ಫೈಡ್ ಮೀನಿಗೆ ವಿಷ. ನೀರು ಬದಲಿಸುವಾಗ ಸ್ವಲ್ಪಸ್ವಲ್ಪ ಜಾಗವನ್ನಷ್ಟೇ ಬೆರಳಿನಿಂದ ಸಡಿಲಿಸಿ.

ವಾರದ ಶುಚಿ

ಸೈಫನ್ ಪೈಪಿನ ಬಾಯಿಯನ್ನು ಮರಳಿಗೆ ಚುಚ್ಚದೆ, 1–2 ಸೆಂ.ಮೀ. ಮೇಲೆ ಹಿಡಿದು ವೃತ್ತಾಕಾರವಾಗಿ ಆಡಿಸಬೇಕು. ಹಗುರವಾದ ಕೊಳೆ ಎದ್ದು ಪೈಪಿಗೆ ಸೇರುತ್ತದೆ, ಭಾರದ ಮರಳು ಕೆಳಗುಳಿಯುತ್ತದೆ. ಮರಳು ಏರಿದರೆ ಪೈಪನ್ನು ಹಿಸುಕಿ ಓಟ ತಗ್ಗಿಸಿ. ಹೀಗೆ ವಾರಕ್ಕೆ ನಾಲ್ಕನೇ ಒಂದು ಭಾಗದಷ್ಟು ನೀರು ತೆಗೆದು, ಆ್ಯಂಟಿ-ಕ್ಲೋರಿನ್ ಬೆರೆಸಿದ ನೀರು ತುಂಬಬಹುದು. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಿದರೆ ಅರ್ಧ ಕೆಲಸ ಮುಗಿದಂತೆ.

ಮರಳು ಕೆದಕುವ ಜೀವಿಗಳು

ದಕ್ಷಿಣ ಅಮೆರಿಕದ ಕೋರಿಡೋರಾಸ್ ಮೀನು ಮರಳನ್ನು ಬಾಯಿಗೆ ತೆಗೆದು ಸೋಸಿ, ಕಿವಿರುಗಳಿಂದ ಹೊರಬಿಡುತ್ತದೆ. ಟ್ರಂಪೆಟ್ ಬಸವನಹುಳು ಹಗಲೆಲ್ಲ ಮರಳಿನೊಳಗಿದ್ದು ಪದರ ಗಟ್ಟಿಯಾಗದಂತೆ ನೋಡಿಕೊಳ್ಳುತ್ತದೆ. ಅದರ ಸಂಖ್ಯೆ ಮಿತಿಮೀರಿದರೆ ಆಹಾರ ಹೆಚ್ಚಾಗಿದೆ ಎಂದರ್ಥ. ಆದರೆ ಯಾವ ಜೀವಿಯೂ ಮೀನಿನ ಮಲವನ್ನು ತಿಂದು ಇಲ್ಲವಾಗಿಸುವುದಿಲ್ಲ. ಪೈಪಿನ ಕೆಲಸ ಪೈಪೇ ಮಾಡಬೇಕು.

ಮಾಡಬಾರದ್ದು

ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಮರಳಿನ ಕಾಳುಗಳಿಗೂ ಅಂಟಿಕೊಂಡಿರುತ್ತವೆ. ಇಡೀ ಮರಳನ್ನು ತೆಗೆದು ಕ್ಲೋರಿನ್ ನೀರಿನಲ್ಲಿ ತೊಳೆದು ಒಣಗಿಸಿದರೆ ಅವು ಸಾಯುತ್ತವೆ. ಅಮೋನಿಯಾ ಏರಿ ಮೀನುಗಳ ಜೀವಕ್ಕೆ ಅಪಾಯ. ಮರಳು ಬದಲಿಸಲೇಬೇಕಾದರೆ ಒಂದೊಂದು ಭಾಗವನ್ನು ಕೆಲವು ವಾರಗಳ ಅಂತರದಲ್ಲಿ ಬದಲಿಸಿ, ಆ ಅವಧಿಯಲ್ಲಿ ಫಿಲ್ಟರಿನ ಸ್ಪಂಜನ್ನು ಮುಟ್ಟದೆ ಬಿಡಬೇಕು.